ಮದುವೆಗೆ ಮೊದಲು ಇದ್ದ ಸಂಬಂಧ

ವೈಟ್‌ಫೀಲ್ಡಿನಿಂದ ನಾಗಸಂದ್ರಕ್ಕೆ ಬರುವಾಗ ಮೆಜೆಸ್ಟಿಕ್‌ನಲ್ಲಿ ಮೆಟ್ರೋ ರೈಲು ಬದಲಿಸಬೇಕು. ಎರಡನೇ ರೈಲಿನಲ್ಲಿ ನಾನು ಸಾಮಾನ್ಯವಾಗಿ ಕಣ್ಣು ಮುಚ್ಚಿಕೊಂಡಿರುತ್ತೇನೆ. ಕಳೆದ ವಾರ ಪೀಣ್ಯ ಇಂಡಸ್ಟ್ರಿ ನಿಲ್ದಾಣದಲ್ಲಿ ಬಾಗಿಲು ತೆರೆದಾಗ ಯಾರೋ ಹತ್ತಿ ನನ್ನ ಪಕ್ಕದಲ್ಲಿ ನಿಂತರು. ಅವರ ಬಟ್ಟೆಯಿಂದ ಕೂಲಂಟ್ ವಾಸನೆ ಬಂತು. ಲೋಹ ಕತ್ತರಿಸುವಾಗ ಬಿಸಿಯಾಗದಿರಲಿ ಎಂದು ಯಂತ್ರದ ಮೇಲೆ ಸುರಿಯುವ, ಹಾಲಿನ ಬಣ್ಣದ ದ್ರವ ಅದು. ಹುಳಿ ಮಜ್ಜಿಗೆಗೆ ಸೀಮೆಎಣ್ಣೆ ಬೆರೆಸಿದ ಹಾಗಿರುತ್ತದೆ. ನಾನು ಕಣ್ಣು ತೆರೆಯಲಿಲ್ಲ. ನಾಗಸಂದ್ರ ಬರುವವರೆಗೂ ಎರಡು ವರ್ಷದ ಹಿಂದಿನ ಒಂದು ಮಳೆಗಾಲವನ್ನು ಮೊದಲಿನಿಂದ ಕೊನೆಯವರೆಗೆ ನೆನಪು ಮಾಡಿಕೊಂಡೆ. ನೆನಪು ಮಾಡಿಕೊಂಡಾಗ ಅಳು ಬರಬಹುದು ಎಂದುಕೊಂಡಿದ್ದೆ. ಬರಲಿಲ್ಲ.

ಆಗ ನನ್ನ ಕೆಲಸ ಪೀಣ್ಯ ಎರಡನೇ ಹಂತದಲ್ಲಿತ್ತು. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ ಮೇಲೆ ಸಿಕ್ಕ ಮೊದಲ ಕೆಲಸ. ಕೆಳಗೆ ಗೇರ್ ಕತ್ತರಿಸುವ ಕಾರ್ಖಾನೆ, ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಕಿಟಕಿ ತೆರೆದರೆ ಕೂಲಂಟ್ ವಾಸನೆ, ಮುಚ್ಚಿದರೆ ಸೆಕೆ. ಅರಬ್ ದೇಶವೊಂದರ ವಿಶ್ವವಿದ್ಯಾಲಯದವರು ಅಲ್ಲಿನ ಜನರ ಕಾಯಿಲೆಗಳ ಬಗ್ಗೆ, ಆ ಕಾಯಿಲೆಗಳಿಗೆ ದಾರಿಯಾಗುವ ಸಂಗತಿಗಳ ಬಗ್ಗೆ ಮನೆಮನೆಗೆ ಹೋಗಿ ಕೇಳಿ ಬರೆಸಿದ ಫಾರಂಗಳು ನಮ್ಮಲ್ಲಿಗೆ ಬರುತ್ತಿದ್ದವು. ಕೈಬರಹದ ಅರಬ್ಬಿ ಉತ್ತರದ ಕೆಳಗೆ ಇಂಗ್ಲಿಷ್ ಅನುವಾದ ಇರುತ್ತಿತ್ತು. ಪ್ರತಿ ಉತ್ತರಕ್ಕೂ ಒಂದು ಸಂಖ್ಯೆ ಕೊಟ್ಟು ಕಂಪ್ಯೂಟರಿಗೆ ತುಂಬುವುದು ನಮ್ಮ ಕೆಲಸ. ಹತ್ತು ಜನ ಹೆಣ್ಣುಮಕ್ಕಳು ತುಂಬುತ್ತಿದ್ದರು. ಒಂದೇ ಫಾರಂ ಅನ್ನು ಇಬ್ಬರು ಬೇರೆ ಬೇರೆಯಾಗಿ ತುಂಬಬೇಕು. ಇಬ್ಬರದೂ ಒಂದೇ ಆದರೆ ಸರಿ, ಬೇರೆಯಾದರೆ ನನ್ನ ಪರದೆಯ ಮೇಲೆ ಕೆಂಪಾಗಿ ಬರುತ್ತದೆ, ನಾನು ಮೂಲ ನೋಡಿ ತೀರ್ಮಾನಿಸಬೇಕು. ಎಲ್ಲರೂ ನನ್ನನ್ನು ಮೇಡಂ ಎನ್ನುತ್ತಿದ್ದರು. ಅವರಲ್ಲಿ ಮೂವರು ನನಗಿಂತ ದೊಡ್ಡವರು.

ಸಕ್ಕರೆ, ರಕ್ತದೊತ್ತಡ, ಸೊಂಟದ ಸುತ್ತಳತೆ, ಹುಕ್ಕಾ ಸೇದುತ್ತೀರಾ, ದಿನಕ್ಕೆ ಎಷ್ಟು ಹೊತ್ತು ಬಿಸಿಲಿನಲ್ಲಿರುತ್ತೀರಿ. ಅಷ್ಟು ಬಿಸಿಲಿನ ದೇಶದಲ್ಲಿ ಹೆಂಗಸರು ಬಿಸಿಲಿನ ಪ್ರಶ್ನೆಗೆ ಬರೆಸಿದ್ದು ಸಾಮಾನ್ಯವಾಗಿ 'ಇಲ್ಲವೇ ಇಲ್ಲ' ಎಂದು. ಇಲ್ಲಿ ನಮಗೆ ಬೆಳಿಗ್ಗೆ ಮೋಡ, ಮಧ್ಯಾಹ್ನದಿಂದ ಟ್ಯೂಬ್‌ಲೈಟು. ಆ ಪ್ರಶ್ನೆಗೆ ನಮ್ಮ ಉತ್ತರವೂ ಅದೇ ಆಗುತ್ತಿತ್ತು. ದಾಸರಹಳ್ಳಿಯಿಂದ ಬರುತ್ತಿದ್ದ ಲಕ್ಷ್ಮಿ ಎಂಬವಳು ಒಮ್ಮೆ ಫಾರಂ ಹಿಡಿದುಕೊಂಡು ನಿಂತು, "ನೋಡಿ ಮೇಡಂ, ಈ ಅಜ್ಜಿಗೆ ಹನ್ನೊಂದು ಮಕ್ಳು, ಬೀಪಿ ನಾರ್ಮಲ್ಲು. ನಮ್ಮಮ್ಮಂಗೆ ನಾನೊಬ್ಳೇ, ದಿನಾ ಮಾತ್ರೆ ನುಂಗ್ತಾಳೆ" ಎಂದಳು. ಎಲ್ಲರೂ ನಕ್ಕರು. ಆ ಅಜ್ಜಿಯ ಹೆಸರು ನಮಗೆ ಗೊತ್ತಿರಲಿಲ್ಲ. ಹೆಸರಿನ ಜಾಗವನ್ನು ಅಲ್ಲೇ ಕಪ್ಪು ಮಾಡಿ ಕಳಿಸುತ್ತಿದ್ದರು.

ಆ ದೇಶದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ಅವರ ರಜೆ ಶುಕ್ರವಾರ, ಶನಿವಾರ. ಆದ್ದರಿಂದ ನಾವೂ ಭಾನುವಾರದಿಂದ ಗುರುವಾರದವರೆಗೆ, ಹನ್ನೆರಡೂವರೆಯಿಂದ ರಾತ್ರಿ ಎಂಟೂವರೆಯವರೆಗೆ ಕೆಲಸ ಮಾಡುತ್ತಿದ್ದೆವು. ಭಾನುವಾರ ಪೀಣ್ಯದ ಯಂತ್ರಗಳೆಲ್ಲ ನಿಂತು ರಸ್ತೆ ಖಾಲಿಯಾಗಿರುವಾಗ ನಾವು ಹನ್ನೊಂದು ಜನ ಛತ್ರಿ ಹಿಡಿದು ಬರುತ್ತಿದ್ದೆವು. ಉಳಿದವರಿಗೆ ಅದು ತೊಂದರೆ. ಶರಣಮ್ಮನಿಗೆ ಮಾತ್ರ ಅದೇ ಬೇಕಾಗಿತ್ತು.

ಶರಣಮ್ಮ ನಮ್ಮ ಮನೆಯಲ್ಲೇ ಬಾಡಿಗೆಗೆ ಇದ್ದವಳು. ನಮ್ಮದು ಚಿಕ್ಕಬಾಣಾವರದ ಹಳೆಯ ಮನೆತನ. ರಾಗಿ ಬೆಳೆಯುತ್ತಿದ್ದ ಹೊಲ ಸೈಟುಗಳಾದ ಮೇಲೆ ಅಪ್ಪ ಉಳಿದ ಜಾಗದಲ್ಲಿ ಆರು ರೂಮು ಕಟ್ಟಿಸಿದ್ದರು. ಅಪ್ಪ ತೀರಿಕೊಂಡ ಮೇಲೆ ಬಾಡಿಗೆ ನೋಡಿಕೊಳ್ಳುವವಳು ಅಮ್ಮ. ಕುಷ್ಟಗಿ ಕಡೆಯಿಂದ ಬಂದ ಶರಣಮ್ಮ ಮತ್ತು ಅವಳ ಗಂಡ ಮಲ್ಲಪ್ಪ ಕೆಳಗಿನ ಕೊನೆಯ ರೂಮಿನಲ್ಲಿದ್ದರು. ಮಲ್ಲಪ್ಪ ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ಶಿಫ್ಟ್ ಕೆಲಸಗಾರ. ಶರಣಮ್ಮ ಬಿ.ಎ. ಓದಿದ್ದಳು, ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುತ್ತಿದ್ದಳು, ಟೈಪಿಂಗ್ ಬರುತ್ತಿತ್ತು. ಅವಳನ್ನು ಕೆಲಸಕ್ಕೆ ಸೇರಿಸಿದ್ದು ನಾನೇ.

ಅವರ ಮಗಳು ಗೌರಿಗೆ ಆಗ ನಾಲ್ಕು ವರ್ಷ. ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಎರಡೂ ಕಿವಿಗೆ ಮಷಿನ್ ಹಾಕಿಸಿದ್ದರು. ಮಷಿನ್ ಹಾಕಿದ ಮಾತ್ರಕ್ಕೆ ಆಗುವುದಿಲ್ಲ, ಕೇಳುವುದನ್ನು ಕಲಿಸಬೇಕು. ಯಶವಂತಪುರದ ಹತ್ತಿರ ಅಂಥ ಮಕ್ಕಳ ಶಾಲೆಯೊಂದಿದೆ. ಅಲ್ಲಿ ಮಗುವಿನ ಪಕ್ಕದಲ್ಲಿ ತಾಯಿಯೂ ಕೂರಬೇಕು, ತಾಯಿ ಕಲಿತರೆ ಮಾತ್ರ ಮಗು ಕಲಿಯುತ್ತದೆ ಎಂಬುದು ಅವರ ಕ್ರಮ. ಬೆಳಿಗ್ಗೆ ರೈಲಿನಲ್ಲಿ ಹೋಗಿ ಹನ್ನೊಂದಕ್ಕೆ ಮುಗಿಸಿ ಬಂದು, ಗೌರಿಯನ್ನು ನಮ್ಮಮ್ಮನ ಹತ್ತಿರ ಬಿಟ್ಟು, ಶರಣಮ್ಮ ನನ್ನ ಸ್ಕೂಟರಿನ ಹಿಂದೆ ಕೂರುತ್ತಿದ್ದಳು. ಬೆಳಿಗ್ಗೆ ಪೂರ್ತಿ ಬಿಡುವು ಕೊಡುವ ಬೇರೆ ಕೆಲಸ ಆ ಸುತ್ತಮುತ್ತ ಇರಲಿಲ್ಲ. ಗಾರ್ಮೆಂಟ್ಸಿನವರು ಎಂಟೂವರೆಗೆ ಗೇಟು ಹಾಕುತ್ತಾರೆ. ಈ ಸಂಬಳ ಇಲ್ಲದಿದ್ದರೆ ಮಲ್ಲಪ್ಪನೊಬ್ಬನ ದುಡಿಮೆಯಲ್ಲಿ ಮೂವರು ಬೆಂಗಳೂರಿನಲ್ಲಿ ಇರಲಾಗುವುದಿಲ್ಲ, ತಾಯಿ ಮಗಳು ಊರಿಗೆ ಹೋಗಬೇಕು, ಊರಿನಲ್ಲಿ ಅಂಥ ಶಾಲೆ ಇಲ್ಲ. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ನನಗೂ ಗೊತ್ತಿತ್ತು.

ಶಾಲೆಯವರು ಮನೆಯಲ್ಲಿ ಮಾಡಿಸಲು ಒಂದು ಅಭ್ಯಾಸ ಕೊಟ್ಟಿದ್ದರು. ಮಗು ಬೆನ್ನು ಮಾಡಿ ಕೂತು, ಒಂದು ಬಾಟಲಿ ಮುಚ್ಚಳವನ್ನು ಕಿವಿಯ ಹತ್ತಿರ ಹಿಡಿದುಕೊಂಡು ಕಾಯಬೇಕು. ಹಿಂದಿನಿಂದ ಏನಾದರೂ ಸದ್ದು ಕೇಳಿದರೆ ಮುಚ್ಚಳವನ್ನು ಡಬ್ಬಕ್ಕೆ ಹಾಕಬೇಕು. ಕೇಳದಿದ್ದರೆ ಹಿಡಿದುಕೊಂಡೇ ಇರಬೇಕು. ಮೊದಲು ತಟ್ಟೆ ಬಡಿಯುವುದು, ಆಮೇಲೆ ಚಪ್ಪಾಳೆ, ಕೊನೆಗೆ ಬಾಯಿಮಾತು. ಆಫೀಸಿನ ನೀರಿನ ಬಾಟಲಿಗಳ ಮುಚ್ಚಳ ನಾನು ಬ್ಯಾಗಿಗೆ ಹಾಕಿಕೊಂಡು ಬಂದು ಕೊಡುತ್ತಿದ್ದೆ. ಯುಗಾದಿ ಹೊತ್ತಿಗೆ ಗೌರಿ ತಟ್ಟೆಗೆ ಮುಚ್ಚಳ ಹಾಕುತ್ತಿದ್ದಳು. ಜೂನ್ ಹೊತ್ತಿಗೆ ಚಪ್ಪಾಳೆಗೂ. ಮಾತಿಗೆ ಇನ್ನೂ ಇಲ್ಲ. ಗುಡುಗಿದಾಗಲೂ ಒಂದು ಮುಚ್ಚಳ ಹಾಕಿದಳು ಎಂದು ಅಮ್ಮ ಇಡೀ ಬೀದಿಗೆ ಹೇಳಿಕೊಂಡು ಬಂದಿದ್ದಳು.

ಹೊಸ ಕಂತಿನ ಫಾರಂಗಳು ಬಂದದ್ದು ಜೂನ್ ಮೊದಲ ವಾರ, ಮಳೆ ಶುರುವಾದ ದಿನಗಳಲ್ಲಿ. ಅದರಲ್ಲಿ ಮದುವೆಯಾದ ಹೆಂಗಸರಿಗೆ ಮಾತ್ರ ಕೇಳಿದ ಭಾಗವೊಂದಿತ್ತು. 'ಮದುವೆಗೆ ಮೊದಲು ಗಂಡನಿಗೂ ನಿಮಗೂ ಇದ್ದ ಸಂಬಂಧ' ಎಂಬ ಪ್ರಶ್ನೆ. ಅದರ ಕೆಳಗೆ ಪ್ರತಿ ಮಗುವಿನ ಬಗ್ಗೆ, ಕಣ್ಣು ಕಾಣುತ್ತದೆಯೇ, ಕಿವಿ ಕೇಳುತ್ತದೆಯೇ, ನಡೆಯುತ್ತದೆಯೇ. ಸಂಬಂಧದ ಉತ್ತರ ಮಾತಿನಲ್ಲಿ ಬರೆದದ್ದು, ಅದಕ್ಕೆ ಸಂಖ್ಯೆಗಳ ಪಟ್ಟಿ ಮಾಡುವುದು ನನಗೆ ಬಿಟ್ಟಿದ್ದರು. ಒಂದು ಭಾನುವಾರ ಕೂತು ಮಾಡಿದೆ. ಸಂಬಂಧವಿಲ್ಲ, ಒಂದು. ತಂದೆಯ ಸಹೋದರಿಯ ಮಗ, ಎರಡು. ತಾಯಿಯ ಸಹೋದರನ ಮಗ, ಮೂರು. ದೂರದ ಸಂಬಂಧ, ನಾಲ್ಕು. ಇತರೆ, ಒಂಬತ್ತು, ಮತ್ತು ಏನೆಂದು ಬಿಡಿಸಿ ಬರೆಯಬೇಕು. ಪಟ್ಟಿ ಪೂರ್ತಿಯಾಗಿದೆ ಎಂದು ನನಗೆ ಅನ್ನಿಸಿತ್ತು. ಅನುಮಾನವೇ ಬರಲಿಲ್ಲ.

ಹೊಸ ಭಾಗ ಬಂದಾಗ ಪ್ರಯೋಗಕ್ಕೆಂದು ಎಲ್ಲರೂ ತಮ್ಮದೇ ವಿವರ ಹಾಕಿ ಒಂದೊಂದು ಫಾರಂ ತುಂಬುವುದು ರೂಢಿ. ಶರಣಮ್ಮ ಕೈಯೆತ್ತಿ, ಸೋದರಮಾವನಿಗೆ ಯಾವ ನಂಬರು ಎಂದು ಕೇಳಿದಳು. ಮಲ್ಲಪ್ಪ ಅವಳ ತಾಯಿಯ ತಮ್ಮ. ಪಟ್ಟಿಯಲ್ಲಿ ಅದು ಇರಲಿಲ್ಲ, ಆ ದೇಶದಲ್ಲಿ ಸೋದರಮಾವನನ್ನು ಮದುವೆಯಾಗುವುದಿಲ್ಲ ಎಂದು ನಾನು ಎಲ್ಲೋ ಓದಿದ್ದೆ. ಒಂಬತ್ತು ಹಾಕಿ ಎಂದೆ.

"ಅಂದ್ರ ನಾನು ಇತರೇರಿ" ಎಂದು ಪಕ್ಕದವಳಿಗೆ ಹೇಳಿ ನಕ್ಕಳು. ಕೆಳಗಿನ ಪ್ರಶ್ನೆಯಲ್ಲಿ, ಕಿವಿ ಕೇಳುತ್ತದೆಯೇ ಎಂಬಲ್ಲಿ, 'ಇಲ್ಲ' ಹಾಕಿದಳು. ಆಮೇಲೆ ಅದನ್ನು ಅಳಿಸಿ 'ಸ್ವಲ್ಪ' ಹಾಕಿದಳು. ನಾನು ಅವಳ ಹಿಂದೆ ನಿಂತಿದ್ದೆ.

ನಾಲ್ಕು ದಿನದ ಮೇಲೆ ಅವಳು ಒಂದು ಫಾರಮಿನ ಪ್ರತಿ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದಳು. ಮಳೆಗೆ ಎರಡು ಸಲ ಕರೆಂಟು ಹೋಗಿ ಬಂದಿತ್ತು, ಆ ದಿನದ ಲೆಕ್ಕ ಕಳಿಸಲು ನಾನು ಅವಸರದಲ್ಲಿದ್ದೆ. ಫಾರಮಿನಲ್ಲಿ ಸಂಬಂಧದ ಜಾಗದಲ್ಲಿ ತಂದೆಯ ಸಹೋದರನ ಮಗ ಎಂದಿತ್ತು.

"ಇದು ತಪ್ಪು ಬರ್ದಾರ ಅನಸ್ತದ್ರಿ ಮೇಡಂ. ಕಾಕಾನ ಮಗ ಅಂದ್ರ ಅಣ್ಣ ಆಗ್ತಾನಲ್ರಿ. ಅಣ್ಣನ್ನ ಯಾರರ ಮಾಡ್ಕೋತಾರೇನು? ಒಂಬತ್ತು ಹಾಕೀನಿ. ಆದ್ರ ಬಿಡಿಸಿ ಬರ್ಯಾಕ ಮನಸ್ಸಾಗವಲ್ದು. ಪಾಪ, ಆ ಹೆಣ್ಮಗಳ ಮ್ಯಾಲೆ ಇಲ್ಲದ್ದು ಬಂದೀತು."

ನಾನು ಕಾಗದ ನೋಡಿದೆ. ಅವಳಿಗೆ ಅನ್ನಿಸಿದ್ದೇ ನನಗೂ ಅನ್ನಿಸಿತು. ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು ಅಣ್ಣ ತಂಗಿಯರು. ಇದು ನಾವು ಯಾವ ಪುಸ್ತಕದಲ್ಲೂ ಓದಿ ಕಲಿತದ್ದಲ್ಲ, ಆದ್ದರಿಂದ ಅದನ್ನು ಪರೀಕ್ಷಿಸಬೇಕೆಂದು ತೋಚುವುದೂ ಇಲ್ಲ. ಅನುವಾದಕರು ಸಹೋದರಿ ಎನ್ನುವ ಕಡೆ ಸಹೋದರ ಎಂದು ಬರೆದಿರಬೇಕು ಎಂದೆ. "ಎರಡು ಹಾಕಿ" ಎಂದೆ. ಪರದೆಯಿಂದ ಕಣ್ಣು ತೆಗೆದು ಅವಳ ಮುಖ ನೋಡಿದ ನೆನಪು ನನಗಿಲ್ಲ. ಅವಳು ಹೋಗಿ ಎರಡು ಹಾಕಿದಳು. ಅಂಥದೇ ಇನ್ನೊಂದು ಫಾರಂ ಮತ್ತೊಬ್ಬಳಿಗೂ ಬಂದಿತ್ತು. ಅವಳೂ ಕೇಳಿದ್ದರಿಂದ ಶರಣಮ್ಮ ತಂಡದ ವಾಟ್ಸಾಪ್ ಗ್ರೂಪಿನಲ್ಲಿ, ಕಾಕಾನ ಮಗ ಅಂತ ಇದ್ದರೆ ಎರಡು ಹಾಕಿರಿ, ದೊಡ್ಡಮ್ಮ ಚಿಕ್ಕಮ್ಮನ ಮಗ ಅಂತ ಇದ್ದರೆ ಮೂರು ಹಾಕಿರಿ ಎಂದು ಬರೆದಳು. ಆ ಗ್ರೂಪಿನಲ್ಲಿ ನಾನಿರಲಿಲ್ಲ. ಅವರು ನನ್ನನ್ನು ಸೇರಿಸಿರಲಿಲ್ಲ, ನಾನೂ ಕೇಳಿರಲಿಲ್ಲ.

ಆಮೇಲಿನ ಎರಡು ತಿಂಗಳು ಕೆಲಸ ಚೆನ್ನಾಗಿ ನಡೆಯಿತು. ಆ ಕಾಲಮಿನಲ್ಲಿ ಕೆಂಪು ಬರಲೇ ಇಲ್ಲ. ಒಂದೇ ಫಾರಂ ತುಂಬಿದ ಇಬ್ಬರೂ ಒಂದೇ ರೀತಿ ತಿದ್ದುತ್ತಿದ್ದರು, ಯಂತ್ರಕ್ಕೆ ಅದು ಒಪ್ಪಿಗೆಯಾಗಿ ಕಾಣುತ್ತಿತ್ತು. ಆ ಕಾಲಂ ನನಗೆ ಇಷ್ಟವಾಗಿತ್ತು. ಮ್ಯಾನೇಜರ್ ಸುಧೀಂದ್ರ ಸರ್ ಅದನ್ನೇ ಮಾದರಿಯಾಗಿ ಬೇರೆ ತಂಡಕ್ಕೆ ತೋರಿಸಿದರು.

ಎರಡನೇ ಹಂತದ ರಸ್ತೆಗಳಲ್ಲಿ ಮಳೆನೀರು ತುಕ್ಕಿನ ಬಣ್ಣಕ್ಕೆ ತಿರುಗಿ ಹರಿಯುತ್ತಿತ್ತು. ಒಂದೇ ರೇನ್‌ಕೋಟು, ಮುಂದೆ ನಾನು ಹಾಕಿಕೊಂಡರೆ ಶರಣಮ್ಮ ಹಿಂದೆ ಪ್ಲಾಸ್ಟಿಕ್ ಹಾಳೆ ಹೊದ್ದು ಕೂರುತ್ತಿದ್ದಳು. ನಾವಿಬ್ಬರೂ ದಾರಿಯಲ್ಲಿ ಮಾತಾಡುತ್ತಿರಲಿಲ್ಲ. ನನಗೆ ಮಾತು ಕಡಿಮೆ ಎಂದು ಅವಳು ಅರ್ಥ ಮಾಡಿಕೊಂಡಿದ್ದಳು. ಒಂದು ರಾತ್ರಿ ಮಾತ್ರ, ಚಿಕ್ಕಬಾಣಾವರ ಸ್ಟೇಷನ್ ಹತ್ತಿರ ಮಳೆ ಜೋರಾಗಿ ಅಂಗಡಿಯೊಂದರ ಮುಂದೆ ನಿಂತಾಗ, ಆ ದಿನ ಅವಳು ತುಂಬಿದ ಒಂದು ಫಾರಂ ಬಗ್ಗೆ ಹೇಳಿದಳು. ಆ ತಾಯಿಯ ಮೂರು ಮಕ್ಕಳಲ್ಲಿ ಇಬ್ಬರಿಗೆ ಕಿವಿ ಕೇಳುವುದಿಲ್ಲವಂತೆ. ಆಮೇಲೆ ಕೇಳಿದಳು.

"ಮಾವನ್ನ ಮಾಡ್ಕೊಂಡಿದ್ದಕ್ಕ ಹಿಂಗಾತು ಅಂತ ದವಾಖಾನ್ಯಾಗ ಅಂದ್ರು. ಖರೇನ್ರಿ ಮೇಡಂ?"

ರಿಸ್ಕ್ ಹೆಚ್ಚಾಗುತ್ತದೆ, ಅಷ್ಟೇ, ಎಂದೆ. ಎಷ್ಟೋ ಜನ ಹಾಗೆ ಮದುವೆಯಾದವರ ಮಕ್ಕಳಿಗೆ ಏನೂ ಆಗುವುದಿಲ್ಲ, ಹಾಗೆ ಮದುವೆಯಾಗದವರ ಮಕ್ಕಳಿಗೂ ಆಗುತ್ತದೆ. ಗುಂಪಿನ ಬಗ್ಗೆ ಹೇಳಬಹುದು, ಒಬ್ಬರ ವಿಷಯದಲ್ಲಿ ಹೇಳಲು ಬರುವುದಿಲ್ಲ. ನಾನು ಹೇಳಿದ್ದು ಸರಿಯಾಗಿತ್ತು. ಇವತ್ತಿಗೂ ಅದರಲ್ಲಿ ಒಂದು ಪದ ತಿದ್ದಬೇಕಾಗಿಲ್ಲ.

"ನನಗ ಒಬ್ರ ವಿಷಯಾನ ಬೇಕಾಗಿತ್ತು" ಎಂದಳು ಶರಣಮ್ಮ. ಸಿಟ್ಟಿನಿಂದಲ್ಲ. ಮಳೆ ಕಡಿಮೆಯಾಗಿದೆ ಹೋಗೋಣ ಎಂದು ಅವಳೇ ಹೇಳಿದಳು.

ಆಗಸ್ಟ್ ಕೊನೆಯ ಒಂದು ಭಾನುವಾರ ಆ ದೇಶದಿಂದ ವಿಡಿಯೋ ಕರೆ ಬಂತು. ಸಂಶೋಧನೆಯ ಮುಖ್ಯಸ್ಥೆ ಡಾಕ್ಟರ್ ಹನಾನ್, ಐವತ್ತರ ಆಸುಪಾಸಿನವರು, ಯಾವಾಗಲೂ ನಿಧಾನವಾಗಿ ಇಂಗ್ಲಿಷ್ ಮಾತಾಡುವವರು. ನಾವು ಕಳಿಸಿದ ಕೋಷ್ಟಕದಲ್ಲಿ ತಂದೆಯ ಸಹೋದರನ ಮಗನನ್ನು ಮದುವೆಯಾದವರು ಒಬ್ಬರೂ ಇಲ್ಲವಲ್ಲ, ಅವರೆಲ್ಲ ಎಲ್ಲಿ ಹೋದರು ಎಂದು ಕೇಳಿದರು. ಅವು ಬರವಣಿಗೆಯ ತಪ್ಪುಗಳು, ಸರಿಪಡಿಸಿದ್ದೇವೆ ಎಂದೆ. ಆ ಮಾತು ಬಾಯಿಂದ ಹೊರಟ ಮೇಲೆ ಏನೋ ಸರಿಯಿಲ್ಲ ಎಂದು ಗೊತ್ತಾಯಿತು.

ಅವರು ತಲೆಯಾಡಿಸಿದರು. ನಮ್ಮಲ್ಲಿ ಅದೇ ಎಲ್ಲಕ್ಕಿಂತ ಹೆಚ್ಚು ಎಂದರು. ತಂದೆಯ ಸಹೋದರನ ಮಗನಿಗೇ ಮೊದಲ ಹಕ್ಕು. ತಮ್ಮ ಗಂಡನೂ ತಮ್ಮ ದೊಡ್ಡಪ್ಪನ ಮಗನೇ ಎಂದರು. ನಾವು ಮುಖ್ಯವಾಗಿ ಹುಡುಕುತ್ತಿರುವುದೇ ಅದನ್ನು ಎಂದೂ ಹೇಳಿದರು. ಇಲ್ಲಿ ನಮ್ಮಲ್ಲಿ ಅವರು ಒಡಹುಟ್ಟಿದವರ ಸಮ ಎಂದು ನಾನು ಹೇಳಿದೆ. ಹಾಗಾದರೆ ನಿಮ್ಮಲ್ಲಿ ಯಾರನ್ನು ಮದುವೆಯಾಗುತ್ತಾರೆ ಎಂದು ಕೇಳಿದರು. ತಾಯಿಯ ತಮ್ಮನನ್ನೂ ಆಗುವುದುಂಟು ಎಂದಾಗ ಅವರ ಕೈ ಬಾಯಿಯ ಹತ್ತಿರ ಹೋಯಿತು. ಕೂಡಲೇ ಕೆಳಗಿಳಿಸಿದರು. ನನ್ನ ಮುಖವೂ ಒಂದು ನಿಮಿಷ ಮೊದಲು ಹಾಗೇ ಆಗಿದ್ದಿರಬೇಕು. ಫಾರಂಗಳೆಲ್ಲ ಉಳಿದಿವೆ, ಮತ್ತೆ ತುಂಬಿಸಿ ಎಂದಷ್ಟೇ ಹೇಳಿ ಕರೆ ಮುಗಿಸಿದರು. ಯಾರು ಮಾಡಿದ್ದು ಎಂದು ಕೇಳಲಿಲ್ಲ.

ಕೇಳಿದ್ದು ಸುಧೀಂದ್ರ ಸರ್. ಪ್ರತಿ ಬದಲಾವಣೆಯೂ ಕಂಪ್ಯೂಟರಿನಲ್ಲಿ ಹೆಸರು, ಸಮಯದ ಸಮೇತ ದಾಖಲಾಗಿರುತ್ತದೆ. ಎಲ್ಲಕ್ಕಿಂತ ಮೊದಲನೆಯದು ಶರಣಮ್ಮನದು. ಮೊದಲು ಒಂಬತ್ತು, ನಾಲ್ಕು ನಿಮಿಷದ ನಂತರ ಎರಡು. ಆ ನಾಲ್ಕು ನಿಮಿಷ ಅವಳು ಎದ್ದು ನನ್ನ ಮೇಜಿಗೆ ಬಂದು ವಾಪಸು ಹೋದ ಸಮಯ. ಅದು ಯಾವ ದಾಖಲೆಯಲ್ಲೂ ಇರಲಿಲ್ಲ. ಗ್ರೂಪಿನ ಸಂದೇಶವನ್ನೂ ಯಾರೋ ತೋರಿಸಿದ್ದರು.

"ನೈನ್ ಹಾಕಿದ್ದು ಕರೆಕ್ಟಾಗೇ ಇತ್ತು ನೋಡಿ. ಬಿಡಿಸಿ ಬರ್ದಿದ್ರೆ ಸಾಕಿತ್ತು. ಅದನ್ನ ಟೂ ಮಾಡಿ, ಎಲ್ರಿಗೂ ಮಾಡಿ ಅಂತ ಹೇಳಿದಾರೆ. ನಿಮ್ಮನ್ನ ಕೇಳಿದ್ರಾ?" ಎಂದರು ಸರ್.

ಶರಣಮ್ಮ ಬಾಗಿಲಿನ ಹತ್ತಿರ ನಿಂತಿದ್ದಳು. ಅವಳನ್ನೂ ಕರೆಸಿದ್ದರು.

"ನೆನಪಿಲ್ಲ ಸರ್" ಎಂದೆ.

ಯಾಕೆ ಹಾಗೆಂದೆ ಎಂದು ನನ್ನನ್ನೇ ಬಹಳ ಸಲ ಕೇಳಿಕೊಂಡಿದ್ದೇನೆ. ಹೆದರಿಕೆ ಎನ್ನಲು ಆ ಹೊತ್ತಿನಲ್ಲಿ ಎದೆ ಬಡಿದುಕೊಂಡದ್ದು ನೆನಪಿಲ್ಲ. ಕಿಟಕಿಯ ಆಚೆ ಕಾರ್ಖಾನೆಯ ತಗಡಿನ ಮೇಲೆ ಮಳೆ ನಿಂತು ನೀರು ಹನಿಯುತ್ತಿತ್ತು. ತಪ್ಪೇ ಮಾಡದವಳು ಎಂದು ಒಂದು ಹೆಸರು ನನಗಿತ್ತು, ಎಸ್ಸೆಸ್ಸೆಲ್ಸಿಯಿಂದ ಎಂ.ಎಸ್ಸಿ.ವರೆಗೆ. ಅದನ್ನು ಬಿಟ್ಟರೆ ನನ್ನ ಹತ್ತಿರ ಬೇರೇನೂ ಇರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಸರ್ ಅವಳ ಕಡೆ ತಿರುಗಿದರು. ಎರಡು ಹಾಕೋಕೆ ಯಾರು ಹೇಳಿದ್ದು ಎಂದು ಕೇಳಿದರು. ಶರಣಮ್ಮ ನನ್ನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು, ನಾನು ಏನೋ ಹೇಳಲಿದ್ದೇನೆ, ಅದಕ್ಕೆ ದಾರಿ ಬಿಡಬೇಕು ಎನ್ನುವ ಹಾಗೆ. ಆಮೇಲೆ, "ಯಾರೂ ಹೇಳಿಲ್ರಿ ಸರ್. ನನಗ ಹಂಗನಸ್ತು" ಎಂದಳು.

ಕ್ಲೈಂಟ್‌ಗೆ ಏನಾದರೂ ಕ್ರಮ ತೋರಿಸಲೇಬೇಕು ಎಂದು ಸರ್ ಹೇಳಿದರು. ತಪ್ಪು ಶುರು ಮಾಡಿದವರನ್ನು ತೆಗೆದಿದ್ದೇವೆ ಎಂದು ಪತ್ರ ಹೋಯಿತು. ಆ ಪತ್ರದ ಕರಡು ಮಾಡಿದವಳು ನಾನು. ಇಂಗ್ಲಿಷ್ ನನ್ನದು ಚೆನ್ನಾಗಿತ್ತು.

ಆ ದಿನವೂ ಅವಳು ನನ್ನ ಸ್ಕೂಟರಿನ ಹಿಂದೆಯೇ ಕೂತು ಮನೆಗೆ ಬಂದಳು. ಪ್ಲಾಸ್ಟಿಕ್ ಹಾಳೆ ಮಡಿಚಿ ನನ್ನ ಕೈಗೆ ಕೊಟ್ಟಳು.

ನಾವು ಫಾರಂಗಳನ್ನೆಲ್ಲ ಮತ್ತೆ ತೆರೆದೆವು. ಪಟ್ಟಿಗೆ ಎರಡು ಹೊಸ ಸಂಖ್ಯೆ ಸೇರಿಸಿದೆ. ಸಾಲುಸಾಲಾಗಿ ಕಾಕಾನ ಮಕ್ಕಳು, ದೊಡ್ಡಪ್ಪನ ಮಕ್ಕಳು ತಮ್ಮ ಜಾಗಕ್ಕೆ ವಾಪಸು ಬಂದರು. ಯಾರ ಮಾನವೂ ಹೋಗಲಿಲ್ಲ. ಶರಣಮ್ಮನ ಕುರ್ಚಿಯಲ್ಲಿ ಹೊಸ ಹುಡುಗಿ ಬಂದು ಕೂತಳು. ಮನೆಯಲ್ಲಿ ಅಮ್ಮ ದಿನವೂ ಅದೇ ಮಾತು ಎತ್ತುತ್ತಿದ್ದಳು.

"ಅದೆಂಥಾ ಕಂಪ್ನಿನೇ ನಿಂದು? ಮಗೀನ್ ತಾಯಿನ ಇಂಗಾ ಬಿಡ್ಸೋದು? ನೀನ್ ಅಲ್ಲೇ ಇದ್ಯಲ್ಲ, ಒಂದ್ ಮಾತ್ ಏಳ್ಬಾರ್ದಾ ಅವ್ರಿಗೆ?"

ನನ್ನ ಕೈಯಲ್ಲಿಲ್ಲ ಎಂದೆ. ಅಮ್ಮ ನಂಬಿದಳು. ನಾಲ್ಕು ತಿಂಗಳು ಬಾಡಿಗೆ ಬೇಡ, ಇಲ್ಲೇ ಇರಿ ಎಂದು ಶರಣಮ್ಮನಿಗೆ ಹೇಳಿ ನೋಡಿದಳು. ಬಾಡಿಗೆ ಒಂದೇ ಅಲ್ಲವಲ್ಲ. ಮಲ್ಲಪ್ಪ ಜೊತೆಯ ಕೆಲಸಗಾರರೊಂದಿಗೆ ಮಾದನಾಯಕನಹಳ್ಳಿಯಲ್ಲಿ ಒಂದು ರೂಮಿಗೆ ಹೋಗುವುದೆಂದೂ, ತಾಯಿ ಮಗಳು ಊರಿಗೆಂದೂ ತೀರ್ಮಾನವಾಯಿತು. 'ಇನ್ನೆರಡು ವರ್ಷ ನಿಲ್ಲಿಸಬೇಡಿ, ಮಾತು ಬರುವ ವಯಸ್ಸು ಇದೇ' ಎಂದು ಶಾಲೆಯ ಟೀಚರು ಫೋನು ಮಾಡಿ ಹೇಳಿದ್ದನ್ನು ಅಮ್ಮ ನನಗೆ ಎರಡು ಸಲ ಹೇಳಿದಳು.

ಮುಂದೆ ಆದದ್ದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಅವರು ಹೋದ ಎರಡು ದಿನಕ್ಕೆ, ಭಾನುವಾರ, ನಾನು ಸುಧೀಂದ್ರ ಸರ್ ಹತ್ತಿರ ಹೋಗಿ ನಡೆದದ್ದು ಹೇಳಿದೆ. ಅವರು ಬಾಗಿಲು ಮುಚ್ಚಿ ಬಂದು, ಪತ್ರ ಹೋಗಿ ಆಯಿತು, ಈಗ ಮತ್ತೆ ತೆಗೆದರೆ ಕೆಲಸವೇ ಕೈತಪ್ಪುತ್ತದೆ, ಉಳಿದ ಒಂಬತ್ತು ಜನರ ಬಗ್ಗೆ ಯೋಚಿಸಿ ಎಂದರು. ಯೋಚಿಸಿದೆ, ಅಥವಾ ಯೋಚಿಸಿದೆ ಎಂದುಕೊಂಡೆ. ಮರುವರ್ಷ ಆ ಕೆಲಸ ಬಿಟ್ಟು ವೈಟ್‌ಫೀಲ್ಡಿಗೆ ಸೇರಿದ ಮೇಲೆ ಡಾಕ್ಟರ್ ಹನಾನ್ ಅವರಿಗೆ ಮೇಲ್ ಬರೆದೆ. ಎರಡು ದಿನದಲ್ಲಿ ಉತ್ತರ ಬಂತು. ಹೇಳಿದ್ದಕ್ಕೆ ಧನ್ಯವಾದ ಎಂದು ಶುರು ಮಾಡಿ, ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದ್ದರು. ಆಕೆಗೆ ಕೆಲಸ ವಾಪಸು ಸಿಕ್ಕಿತೇ? ಆ ಮೇಲ್‌ಗೆ ನಾನು ಇನ್ನೂ ಉತ್ತರ ಬರೆದಿಲ್ಲ. ಶರಣಮ್ಮನ ನಂಬರು ನನ್ನ ಫೋನಿನಲ್ಲಿದೆ. ಅವಳ ವಾಟ್ಸಾಪ್ ಚಿತ್ರದಲ್ಲಿ ಗೌರಿ ಊರಿನ ಶಾಲೆಯ ಯೂನಿಫಾರ್ಮ್ ಹಾಕಿಕೊಂಡು ನಿಂತಿದ್ದಾಳೆ. ಎರಡು ಜಡೆ ಕಿವಿಯ ಮೇಲೆ ಇಳಿದಿವೆ. ಮಷಿನ್ ಇದೆಯೋ ಇಲ್ಲವೋ, ಎಷ್ಟು ದೊಡ್ಡದು ಮಾಡಿ ನೋಡಿದರೂ ಗೊತ್ತಾಗುವುದಿಲ್ಲ.

ಅವರು ಹೊರಟದ್ದು ಸೆಪ್ಟೆಂಬರಿನ ಒಂದು ಶುಕ್ರವಾರ ಬೆಳಿಗ್ಗೆ. ರಜೆಯಾದ್ದರಿಂದ ನಾನು ಮನೆಯಲ್ಲಿದ್ದೆ. ಮಲ್ಲಪ್ಪ ಆಟೋ ತರಲು ಹೋಗಿದ್ದ. ಅಮ್ಮ ಒಳಗೆ ಬುತ್ತಿ ಕಟ್ಟುತ್ತಿದ್ದಳು. ರೂಮಿನ ಮುಂದಿನ ಮೆಟ್ಟಿಲ ಮೇಲೆ ಗೌರಿ ನಮಗೆ ಬೆನ್ನು ಮಾಡಿ ಕೂತಿದ್ದಳು. ಕಾಲ ನಡುವೆ ಹಾಲಿನ ಪುಡಿಯ ಖಾಲಿ ಡಬ್ಬ, ಮಡಿಲಲ್ಲಿ ನಾನು ತಂದುಕೊಟ್ಟ ಮುಚ್ಚಳಗಳು. ಒಂದನ್ನು ಕಿವಿಯ ಹತ್ತಿರ ಹಿಡಿದಿದ್ದಳು. ಒಬ್ಬಳೇ ಆಡಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. ಶರಣಮ್ಮ ಬಾಗಿಲ ಒಳಗೆ ಬ್ಯಾಗಿನ ಜಿಪ್ ಎಳೆಯುತ್ತಿದ್ದಳು. ನಾನು ಮಗುವಿನ ಹಿಂದೆ ನಿಂತೆ.

"ಶರಣಮ್ಮ" ಎಂದೆ.

ಡಬ್ಬದಲ್ಲಿ ಮುಚ್ಚಳ ಬಿದ್ದ ಸದ್ದಾಯಿತು. ಗೌರಿ ಇನ್ನೊಂದು ಮುಚ್ಚಳ ತೆಗೆದುಕೊಂಡು ಕಿವಿಯ ಹತ್ತಿರ ಹಿಡಿದಳು. ಮಾತಿಗೆ ಅವಳು ಮುಚ್ಚಳ ಹಾಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಶರಣಮ್ಮನೂ ತಲೆಯೆತ್ತಿ ನೋಡಿದಳು. ಆಮೇಲೆ ಮತ್ತೆ ಜಿಪ್ ಹಿಡಿದಳು. ಅದು ಅರ್ಧಕ್ಕೆ ಸಿಕ್ಕಿಕೊಂಡಿತ್ತು.

"ಎರಡು ಹಾಕಿ ಅಂದಿದ್ದು ನಾನು."

ಮುಚ್ಚಳ ಬಿತ್ತು.

"ಸರ್ ಕೇಳಿದಾಗ ನೆನಪಿಲ್ಲ ಅಂದೆ. ನೆನಪಿತ್ತು."

ಅದಕ್ಕೂ ಒಂದು ಬಿತ್ತು.

ಶರಣಮ್ಮ ಜಿಪ್ ಸರಿಮಾಡಿ ಕೊನೆಯವರೆಗೆ ಎಳೆದಳು. ಬ್ಯಾಗನ್ನು ಎತ್ತಿ ಹೊಸ್ತಿಲ ಹೊರಗೆ ಇಟ್ಟಳು.

"ಅದನ್ನ ನನಗ್ಯಾಕ ಹೇಳ್ತೀರಿ ಮೇಡಂ? ನಾನು ಅಲ್ಲೇ ಇದ್ನೆಲ್ರಿ" ಎಂದಳು.

ತಾಯಿಯ ಮಾತಿಗೂ ಗೌರಿ ಒಂದು ಮುಚ್ಚಳ ಹಾಕಿದಳು. ಬೀದಿಯ ತುದಿಯಲ್ಲಿ ಆಟೋ ತಿರುಗುವುದು ಕಂಡಿತು. ಗೌರಿ ಮಡಿಲಿನಿಂದ ಮತ್ತೊಂದನ್ನು ಆರಿಸಿ ತೆಗೆದು, ಕಿವಿಯ ಹತ್ತಿರ ಹಿಡಿದುಕೊಂಡು, ನನ್ನ ಕಡೆ ತಿರುಗದೆ, ಬೆನ್ನು ನೆಟ್ಟಗೆ ಮಾಡಿ ಕಾಯತೊಡಗಿದಳು. ನಾನು ಏನೂ ಹೇಳಲಿಲ್ಲ. ಅವಳು ಹಿಡಿದುಕೊಂಡೇ ಇದ್ದಳು.